ಎತ್ತಿಸಿದರೆ ಸಾಕು

ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಬೆಳಗಿನ ಹೊತ್ತು ಕೆಲಸಕ್ಕೆ ಓಡುವವರೆಲ್ಲ ಗೊಣಗಿಕೊಂಡೇ ಹತ್ತುತ್ತಾರೆ. ಆ ಬೇಸಿಗೆಯಲ್ಲಿ ಅವರ ನಡುವೆ ಒಬ್ಬಳು ಮಾತ್ರ ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದಳು. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ವಾಯಿಲ್ ಸೀರೆ, ಕಾಲಿಗೆ ಮಗಳ ಹಳೇ ಬೂಟು, ಬೆನ್ನಿಗೆ ರಾಗಿಹಿಟ್ಟು ತುಂಬಿದ ನೀಲಿ ಬ್ಯಾಗು. ಚಿಕ್ಕಮುನಿಯಮ್ಮನಿಗೆ ಆಗ ಐವತ್ತೆಂಟು.

ಜನ ನೋಡಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಬೇಸರವಾಗುತ್ತಿದ್ದದ್ದು ಅವಳ ಮನೆಯ ಬಾಡಿಗೆ ಹುಡುಗರು ಎದುರಾದಾಗ. ಒಳ್ಳೆಯ ಮಕ್ಕಳು. ಕಂಡ ಕೂಡಲೆ ಓಡಿ ಬಂದು ಬ್ಯಾಗಿಗೆ ಕೈ ಹಾಕುತ್ತಿದ್ದರು, ಬಿಡಿ ಆಂಟಿ, ನಾವು ತಂದುಕೊಡ್ತೀವಿ ಅನ್ನುತ್ತಿದ್ದರು. ಬ್ಯಾಗನ್ನು ಎಲ್ಲಿಗೂ ತಲುಪಿಸಬೇಕಾಗಿಲ್ಲ, ಹೊರುವುದೇ ಕೆಲಸ ಎಂದು ಅವರಿಗೆ ಹೇಗೆ ತಿಳಿಸಬೇಕೋ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಬೆನ್ನಿಗಾನಹಳ್ಳಿಯ ಕೆರೆಯ ಹಿಂದೆ ಅವರದು ಸೊಪ್ಪಿನ ತೋಟವಿತ್ತು. ದಂಟು, ಕೀರೆ, ಸಬ್ಬಸಿಗೆ, ಕೊತ್ತಂಬರಿ. ಮದುವೆಯಾಗಿ ಬಂದ ವಾರಕ್ಕೇ ಅತ್ತೆ ಅವಳ ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ನೀರು ತೊಟ್ಟಿಕ್ಕುವ ಸೊಪ್ಪಿನ ಮಂಕರಿ ಇಟ್ಟು, ಹಲಸೂರು ಮಾರ್ಕೆಟ್ಟಿನ ದಾರಿ ಹಿಡಿಸಿದ್ದಳು. ಟಿನ್ ಫ್ಯಾಕ್ಟರಿ ದಾಟಿ ಹಳೇ ಮದ್ರಾಸು ರಸ್ತೆಗುಂಟ ಹೆಂಗಸರ ಸಾಲು. ಬರಿಗಾಲು, ನೆಟ್ಟಗೆ ನಿಂತ ಕತ್ತು, ಮುಂದಕ್ಕೆ ನೆಟ್ಟ ಕಣ್ಣು. ನೆಲ ನೋಡಿದವಳ ಮಂಕರಿ ನೆಲಕ್ಕೇ ಬೀಳುತ್ತಿತ್ತು. ಕಲ್ಲು ಯಾವುದು ಹಳ್ಳ ಯಾವುದು ಎನ್ನುವುದನ್ನು ಪಾದವೇ ನೋಡಿಕೊಳ್ಳಬೇಕು. ಅರ್ಧ ದಾರಿಯಲ್ಲಿ ಒಂದು ಹೊರೆಗಲ್ಲಿತ್ತು. ಎರಡು ಕಲ್ಲುಕಂಬ, ಅವುಗಳ ಮೇಲೆ ತಲೆಯೆತ್ತರಕ್ಕೆ ಒಂದು ಅಡ್ಡಚಪ್ಪಡಿ. ಬಗ್ಗದೆ, ಯಾರನ್ನೂ ಕೇಳದೆ, ತಲೆಯ ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಟ್ಟು, ಮತ್ತೆ ತಲೆಗೆ ಸರಿಸಿಕೊಂಡು ಹೊರಡುವುದು. ರಸ್ತೆ ಅಗಲವಾದಾಗ ಆ ಕಲ್ಲು ಎಲ್ಲಿ ಹೋಯಿತೋ ಯಾರೂ ವಿಚಾರಿಸಲಿಲ್ಲ.

ಆ ದಾರಿಯಲ್ಲಿ ಅತ್ತೆ ಅವಳಿಗೆ ಕಲಿಸಿದ್ದು ಎರಡೇ ಮಾತು. ಹೊರೆಯನ್ನು ಯಾವತ್ತೂ ಮೈಗೆ ಕಟ್ಟಿಕೊಳ್ಳಬಾರದು. ಕಾಲು ಜಾರಿದರೆ ಹೊರೆ ಒಂದು ಕಡೆ, ಮೈ ಒಂದು ಕಡೆ ಬೀಳಬೇಕು, ಸೊಪ್ಪು ಹೋದರೂ ಸೊಂಟ ಉಳಿಯಬೇಕು. ಇನ್ನೊಂದು, ದಾರಿಯಲ್ಲಿ ಯಾರಾದರೂ ಎತ್ತಿಸು ಅಂದರೆ, ಅವಳು ಯಾವ ಊರಿನವಳಾದರೂ ಯಾವ ಜಾತಿಯವಳಾದರೂ, ನಿಂತು ಕೈ ಕೊಟ್ಟು ತಲೆಗೆ ಎತ್ತಿಸಬೇಕು. ಎತ್ತಿಸಬೇಕು, ಅಷ್ಟೆ. ಅವಳ ಹೊರೆಯನ್ನು ನಾನೇ ಹೊರುತ್ತೇನೆ ಅನ್ನಬಾರದು. ಅಂದರೆ ಅವಳ ಕೈಲಿ ಆಗುವುದಿಲ್ಲ ಎಂದು ನಾಲ್ಕು ಜನರ ಎದುರು ಹೇಳಿದ ಹಾಗೆ.

ತೋಟ ಹೋಗಿ ಅಲ್ಲಿ ಬಾಡಿಗೆ ರೂಮುಗಳು ಎದ್ದ ಮೇಲೆ ಚಿಕ್ಕಮುನಿಯಮ್ಮ ಹೊರುವಂಥದ್ದು ಏನೂ ಉಳಿಯಲಿಲ್ಲ. ಸಿಲಿಂಡರ್ ಬಾಡಿಗೆ ಹುಡುಗರು ಹೊರುತ್ತಿದ್ದರು, ಅಕ್ಕಿ ಮೂಟೆ ಆಟೋದವನು ಹೊರುತ್ತಿದ್ದ. ನೆಂಟರ ಮದುವೆಗೆ ಹೋದರೆ ಕೈಯಲ್ಲಿನ ತಾಂಬೂಲದ ಚೀಲವನ್ನೂ ಯಾರೋ ಇಸಿದುಕೊಳ್ಳುತ್ತಿದ್ದರು. ಸುಖವೇ. ಆದರೂ ಕೆಲವು ಸಲ ರಸ್ತೆಯಲ್ಲಿ ನಡೆಯುವಾಗ ತಲೆಯ ಮೇಲೆ ಏನೋ ಇಲ್ಲ ಅನ್ನಿಸಿ ಕೈ ತಾನಾಗಿ ಮೇಲಕ್ಕೆ ಹೋಗುತ್ತಿತ್ತು.

ಮಗಳು ರಮ್ಯ ಇಂದಿರಾನಗರದ ಒಂದು ಶಾಲೆಯಲ್ಲಿ ಆಟದ ಟೀಚರು. ಪ್ರತಿ ವರ್ಷ ರಜೆಯಲ್ಲಿ ಹಿಮಾಲಯಕ್ಕೆ ಹೋಗಿ ಬಿಸಿಲಿಗೆ ಮೂತಿ ಸುಟ್ಟುಕೊಂಡು ಬರುತ್ತಿದ್ದಳು. ಒಂದು ಸಂಜೆ ತಾಯಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಬೋಳು ಬೆಟ್ಟದ ಮೈಮೇಲೆ ಜನರ ಸಾಲು, ಎಲ್ಲರ ಬೆನ್ನಿಗೂ ಒಂದೊಂದು ಹೊರೆ. ಚಿಕ್ಕಮುನಿಯಮ್ಮ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದಳು.

"ಇಷ್ಟೊಂದು ಹೊತ್ಕೊಂಡು ಎಲ್ಲಿಗಮ್ಮಿ ಹೋಗ್ತಾವ್ರೆ?"

"ಎಲ್ಲಿಗೂ ಇಲ್ಲಮ್ಮ. ಈ ಕಡೆ ಹತ್ತಿ ಆ ಕಡೆ ಇಳಿಯೋದು."

"ಮಾರಾಕೆ ಏನೂ ಇಲ್ವಾ?"

"ಏನಿಲ್ಲ. ಅವರವರ ಬಟ್ಟೆ, ಅವರವರ ನೀರು."

ಚಿಕ್ಕಮುನಿಯಮ್ಮ ಒಲೆಯ ಮೇಲಿನ ಸಾರು ಉಕ್ಕುವವರೆಗೂ ಯೋಚಿಸಿದಳು. ಆಮೇಲೆ, "ಈ ಸಲ ನಾನೂ ಬತ್ತೀನಿ," ಅಂದಳು.

ಗಂಡ ಮುನಿಆಂಜನಪ್ಪನಿಗೆ ನಗು ತಡೆಯಲಾಗಲಿಲ್ಲ. ಬಾಡಿಗೆಯವರು ಲಿಫ್ಟು ಹಾಕಿಸಿ ಅಂತ ಕೇಳುತ್ತಿದ್ದರೆ ಮನೆಯೊಡತಿ ಮೆಟ್ಟಿಲು ಹುಡುಕಿಕೊಂಡು ಹೋಗುತ್ತಿದ್ದಾಳೆ ಎಂದು ಅರಳಿಕಟ್ಟೆಯಲ್ಲಿ ಹೇಳಿಕೊಂಡು ತಿರುಗಿದ. ಹೊರಡುವ ಹೊತ್ತಿಗೆ ಹತ್ತಿರ ಬಂದು, "ಅರ್ಧದಾರಿಲಿ ನಿನ್ನೂ ನಿನ್ ಗಂಟ್ನೂ ಕತ್ತೆ ಮ್ಯಾಲಾಕೊಂಡು ಇಳಿಸ್ತಾರೆ ನೋಡ್ತಿರು," ಅಂದ. ಅದರಲ್ಲಿ ಕೊಂಕಿಗಿಂತ ಹೆಚ್ಚು ಅಂಜಿಕೆಯಿತ್ತು. ಅವಳು ಅದಕ್ಕೆ ಹೇಳಿದ್ದು ಇಷ್ಟೇ: ನನ್ನ ಹೊರೆ ನಾನೇ ಹೊತ್ತು ಆ ಬೆಟ್ಟ ದಾಟುತ್ತೇನೆ, ಇಲ್ಲವಾದರೆ ಹತ್ತುವುದೇ ಇಲ್ಲ. ಆ ಮಾತು ಆಡಿದ ಮೇಲೆ ಅದು ಗಂಡನಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಅವಳಿಗೂ ಸರಿಯಾಗಿ ತಿಳಿಯಲಿಲ್ಲ.

ಹೊರಡುವ ಮೊದಲು ಬ್ಯಾಗಿನ ರಿಪೇರಿಗೆಂದು ತಾಯಿ ಮಗಳು ಶಿವಾಜಿನಗರಕ್ಕೆ ಹೋದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬ್ಯಾಗು ಹೊಲಿಯುವ ಮಂಜೂರ್ ಹರಿದ ಹೊಲಿಗೆಯನ್ನೆಲ್ಲ ಬಿಗಿ ಮಾಡಿ, ಸೊಂಟದ ಪಟ್ಟಿಯ ಮುರಿದ ಬಕಲ್ ತೆಗೆದು ಹೊಸದು ಹಾಕಿದ. ಹಾಕಿ ತೋರಿಸಲು ಅವಳ ಸೊಂಟದ ಸುತ್ತ ಪಟ್ಟಿ ತಂದಾಗ ಚಿಕ್ಕಮುನಿಯಮ್ಮ ಹಾವು ಕಂಡವಳಂತೆ ಹಿಂದೆ ಸರಿದಳು. "ನಕ್ಕೋ ಭಾಯಿ, ನಕ್ಕೋ," ಅಂದಳು. ಸೊಪ್ಪು ಮಾರುವಾಗ ಪಕ್ಕದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಕೂರುತ್ತಿದ್ದ ಹಮೀದಾಳಿಂದ ಕಲಿತ ಉರ್ದು ಅದು, ಬೇಡ ಅನ್ನಲು.

ಮಂಜೂರ್ ಮೊದಲು ನಕ್ಕ, ಆಮೇಲೆ ಗಂಭೀರವಾದ. "ಅಮ್ಮಾ, ಭಾರ ಹೊರೋದು ಸೊಂಟ, ಭುಜ ಅಲ್ಲ. ಇದು ಹಾಕ್ದೆ ಹೋದ್ರೆ ಅಲ್ಲಿ ನನ್ನ ಹೆಸರು ಹೇಳ್ಕೊಂಡು ಅಳ್ತೀರ."

ಬಿದ್ದರೆ ಬ್ಯಾಗಿನ ಜೊತೆ ತಾನೂ ಉರುಳಬೇಕಾಗುತ್ತದೆ ಎಂದು ಅವಳು ವಾದಿಸಿದಳು. ರಮ್ಯ ಎಷ್ಟು ಹೇಳಿದರೂ ಕೇಳಲಿಲ್ಲ. ಪಟ್ಟಿಯ ಎರಡು ತುದಿಗಳನ್ನೂ ಬ್ಯಾಗಿನ ಹಿಂದಕ್ಕೆ ಮಡಚಿ ಗಂಟು ಹಾಕಿಬಿಟ್ಟಳು.

ರೈಲು, ಬಸ್ಸು, ಜೀಪು ಎಲ್ಲ ಮುಗಿದು ಅವರು ಇಳಿದದ್ದು ಹಿಮಾಚಲದ ಒಂದು ಕೊನೆಯ ಹಳ್ಳಿಯಲ್ಲಿ. ಅಲ್ಲಿಂದಾಚೆ ರಸ್ತೆಯಿಲ್ಲ. ಹೊಳೆಯ ಜೊತೆ ಜೊತೆಗೇ ಮೇಲಕ್ಕೆ ನಡೆಯುತ್ತ ಹೋಗಿ, ಎರಡು ಹಿಮಬೆಟ್ಟಗಳ ನಡುವೆ ಅಲ್ಲಿನವರು ಜೋತ್ ಎನ್ನುವ ತಗ್ಗನ್ನು ದಾಟಿ, ಆಚೆ ಸೀಮೆಗೆ ಇಳಿಯಬೇಕು. ದಾರಿ ತೋರುವವನು ದೌಲತ್, ಅದೇ ಹಳ್ಳಿಯವನು. ಕಡಿಮೆ ಮಾತಿನ, ಹೆಚ್ಚು ಬೀಡಿಯ ಮನುಷ್ಯ. ಬೆಂಗಳೂರಿನಿಂದಲೇ ಬಂದಿದ್ದ ಇನ್ನಷ್ಟು ಜನ ಜೊತೆಗಿದ್ದರು. ಇನ್ಶೂರೆನ್ಸ್ ಕಂಪನಿಯ ಕಶ್ಯಪ್ ಎಂಬುವನು ಮೊದಲ ಗಳಿಗೆಯಲ್ಲೇ ತನ್ನ ಬ್ಯಾಗನ್ನು ಹೇಸರಗತ್ತೆಗೆ ಒಪ್ಪಿಸಿ, ಅದಕ್ಕೆ ಕೈ ಮುಗಿದು, ಎಲ್ಲರನ್ನೂ ನಗಿಸಿದ.

ಚಿಕ್ಕಮುನಿಯಮ್ಮ ಚಾ ಕುಡಿದು ಬಂದು ನೋಡಿದರೆ ಅವಳ ನೀಲಿ ಬ್ಯಾಗೂ ಹೇಸರಗತ್ತೆಯ ಬೆನ್ನಿಗೆ ಹತ್ತಿತ್ತು. ರಮ್ಯ ತಾಯಿಗೆ ಹೇಳದೆಯೇ ಮೊದಲೇ ಏರ್ಪಾಡು ಮಾಡಿದ್ದಳು. ಚಿಕ್ಕಮುನಿಯಮ್ಮ ಹೋಗಿ ಹಗ್ಗ ಬಿಚ್ಚಿ ಬ್ಯಾಗನ್ನು ಇಳಿಸಿಕೊಂಡಳು. ದೌಲತ್ ಓಡಿ ಬಂದು ತಡೆದಾಗ, "ಮೇರಾ ಬೋಜಾ ಮೈಚ್ ಉಠಾತಿಂ ಜೀ," ಅಂದಳು. ನನ್ನ ಹೊರೆ ನಾನೇ ಹೊರುತ್ತೇನೆ ಎಂಬ ಆ ಶಿವಾಜಿನಗರದ ಮಾತು ಹಿಮಾಲಯದಲ್ಲಿ ಕೇಳಿ ಅವನಿಗೆ ಬೀಡಿಯ ಹೊಗೆ ನೆತ್ತಿಗೇರಿತು. ರಮ್ಯ ಮುಖ ತಿರುಗಿಸಿಕೊಂಡು ಬೂಟಿನ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಮೊದಮೊದಲು ನಡಿಗೆ ಚೆನ್ನಾಗಿಯೇ ಸಾಗಿತು. ದೇವದಾರು ಮರಗಳು ಮುಗಿದವು, ಭೂರ್ಜದ ಗಿಡಗಳು ಮುಗಿದವು, ಆಮೇಲೆ ಹುಲ್ಲು ಮಾತ್ರ. ಬೇಗ ನಡೆಯುವವರು ನಿಂತು ಏದುಸಿರು ಬಿಡುತ್ತಿದ್ದರು, ಚಿಕ್ಕಮುನಿಯಮ್ಮ ಬೇಗ ನಡೆಯಲೂ ಇಲ್ಲ, ನಿಲ್ಲಲೂ ಇಲ್ಲ. ಹಲಸೂರು ದಾರಿಯ ಹೆಜ್ಜೆಯೇ ಇಲ್ಲಿಯೂ. ಒಂದು ವ್ಯತ್ಯಾಸವೆಂದರೆ ಆಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಚಿಂತೆ ಇರುತ್ತಿತ್ತು: ಬಿಸಿಲೇರುವುದರೊಳಗೆ ಸೊಪ್ಪು ಬಾಡದೆ ಮಾರ್ಕೆಟ್ಟು ಸೇರಬೇಕು. ಇಲ್ಲಿ ಬಾಡುವಂಥದ್ದು ಏನೂ ಇರಲಿಲ್ಲ. ಹಾಗಾಗಿ ಅವಳಿಗೆ ಸುತ್ತ ನೋಡಲು ಪುರುಸೊತ್ತು ಸಿಕ್ಕಿತು. ಅಷ್ಟು ವರ್ಷ ನಡೆದ ದಾರಿಯ ಎಡಬಲದಲ್ಲಿ ಏನಿತ್ತು ಎಂದು ನೆನಪು ಮಾಡಿಕೊಂಡಳು. ಒಂದು ಹುಣಸೆಮರ, ಮಿಲಿಟರಿ ಪಟಾಲಮ್ಮಿನ ಕಾಂಪೌಂಡು, ಹೊರೆಗಲ್ಲು. ಬೇರೇನೂ ನೆನಪಾಗಲಿಲ್ಲ. ನೋಡಿಯೇ ಇರಲಿಲ್ಲವಲ್ಲ ಅನ್ನಿಸಿ, ಇಲ್ಲಿ ಒಂದೊಂದು ಹೂವನ್ನೂ ನಡೆಯುತ್ತಲೇ ನೋಡತೊಡಗಿದಳು.

ಆದರೆ ಭುಜ ಸೋಲುತ್ತ ಬಂತು. ಬ್ಯಾಗಿನ ಪಟ್ಟಿಗಳು ಎರಡೂ ಕಡೆ ಕೆಂಪಗೆ ಬರೆ ಎಳೆದವು. ಕತ್ತು ನೆಟ್ಟಗೆ ಮಾಡಿದರೆ ಬ್ಯಾಗು ಹಿಂದಕ್ಕೆ ಎಳೆಯುತ್ತಿತ್ತು, ಮುಂದಕ್ಕೆ ಬಾಗುವುದು ಅವಳ ಕತ್ತಿಗೆ ಅಭ್ಯಾಸವೇ ಇರಲಿಲ್ಲ. ಮಂಜೂರ್ ಹೇಳಿದ್ದು ನೆನಪಾಯಿತು, ಆದರೂ ಸೊಂಟದ ಪಟ್ಟಿಯ ಗಂಟು ಬಿಚ್ಚಲಿಲ್ಲ.

ಜೋತ್‌ನ ಬುಡಕ್ಕೆ ಸೇರುವ ದಿನ ಮಧ್ಯಾಹ್ನ, ಉಳಿದವರು ಮುಂದೆ ಹೋಗಿದ್ದಾಗ, ಅವಳು ಒಂದು ಬಂಡೆಯ ಮರೆಯಲ್ಲಿ ನಿಂತಳು. ಶಾಲನ್ನು ಸುತ್ತಿ ಸಿಂಬಿ ಮಾಡಿದಳು. ಬ್ಯಾಗನ್ನು ಬಂಡೆಯ ಮೇಲೆ ಜಾರಿಸಿ ತಲೆಗೆ ಏರಿಸಿಕೊಂಡಳು.

ಆ ಕ್ಷಣದ ಸುಖವನ್ನು ಅವಳು ಯಾರಿಗೂ ವಿವರಿಸಲಾರಳು. ಬೆನ್ನೆಲುಬು ನೆಟ್ಟಗಾಯಿತು. ಎದೆ ತುಂಬ ಗಾಳಿ ಬಂತು. ಎದುರಿಗೆ ಬಿಳಿಯ ಬೆಟ್ಟ, ತಲೆಯ ಮೇಲೆ ಭಾರ, ಕೈ ಬೀಸಿಕೊಂಡು ನಡೆಯುವ ಚಿಕ್ಕಮುನಿಯಮ್ಮ. ಕಶ್ಯಪ್ ತಿರುಗಿ ನೋಡಿದವನು ಬಾಯಿ ತೆರೆದು ಹಾಗೇ ನಿಂತ. ಒಂದಷ್ಟು ದೂರ ಅವಳು ಯಾವುದೋ ರಾಣಿಯ ಹಾಗೆ ನಡೆದಳು.

ಹೊಳೆಯ ದಂಡೆಯಲ್ಲಿ ಹುಲ್ಲು ಮುಗಿದು ಸಡಿಲ ಕಲ್ಲುಗಳ ರಾಶಿ ಶುರುವಾಯಿತು. ಅವಳು ರೂಢಿಯಂತೆ ಕಣ್ಣನ್ನು ಮುಂದಕ್ಕೆ ನೆಟ್ಟು ನೆಲದ ಸಮಾಚಾರವನ್ನು ಪಾದಕ್ಕೆ ಬಿಟ್ಟಳು. ಆದರೆ ಆ ಪಾದ ಈಗ ಬೂಟಿನೊಳಗಿತ್ತು. ದಪ್ಪ ಅಟ್ಟೆಯೊಳಗೆ ಕೂತ ಪಾದಕ್ಕೆ ಏನೂ ಕಾಣುತ್ತಿರಲಿಲ್ಲ. ಒಂದು ಕಲ್ಲು ಹೊರಳಿತು. ಮೇಲಿಂದ ಗಾಳಿ ನೂಕಿತು. ಅತ್ತೆ ಕಲಿಸಿದ ಹಾಗೆಯೇ ಹೊರೆ ಒಂದು ಕಡೆ ಬಿತ್ತು, ಮೈ ಒಂದು ಕಡೆ ಬಿತ್ತು. ಅವಳಿಗೆ ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬ್ಯಾಗು ಮಾತ್ರ ಕುಪ್ಪಳಿಸುತ್ತ ಉರುಳಿ, ಕೆಳಗೆ ಏರುತ್ತಿದ್ದ ಯಾರದೋ ಪಕ್ಕದಲ್ಲೇ ಹಾದು, ನೀರಿನ ಅಂಚಿಗೆ ಹೋಗಿ ನಿಂತಿತು.

ಆ ಯಾರೋ ರಮ್ಯ. ತಾಯಿ ಇನ್ನೂ ಹಿಂದೆಯೇ ಇದ್ದಾಳೆಂದು ಅವಳು ಕಾಯುತ್ತ ಕೆಳಗಿನ ತಿರುವಿನಲ್ಲಿ ಕೂತಿದ್ದು, ಬಂಡೆಗಳ ಮರೆಯಲ್ಲಿ ತಾಯಿ ದಾಟಿಹೋದದ್ದು ತಿಳಿದು ಆಗತಾನೇ ಹತ್ತಿ ಬರುತ್ತಿದ್ದಳು.

ದೌಲತ್ ಬ್ಯಾಗನ್ನು ತಾನೇ ಹೊತ್ತು ತಂದ. ಬಯ್ಯಲಿಲ್ಲ. ನಾಳೆ ಜೋತ್ ದಾಟಬೇಕಾದರೆ ಈ ಬ್ಯಾಗು ಹೇಸರಗತ್ತೆಯ ಮೇಲೆ ಬರುತ್ತದೆ, ಇಲ್ಲವಾದರೆ ಅಮ್ಮ ಇಲ್ಲಿಂದಲೇ ತನ್ನ ಅಡುಗೆಯವನ ಜೊತೆ ವಾಪಸು ಇಳಿಯಬೇಕು ಎಂದು ಮೆಲ್ಲಗೆ, ಗಟ್ಟಿಯಾಗಿ ಹೇಳಿದ.

ಡೇರೆಯೊಳಗೆ ಇನ್ನೂ ಬಿಸಿಲಿನ ಹಳದಿ ಬೆಳಕಿತ್ತು. ರಮ್ಯ ತಾಯಿಯ ರವಿಕೆ ಸರಿಸಿ ಭುಜ ನೋಡಿದಳು. ಕೊಬ್ಬರಿ ಎಣ್ಣೆ ಗಟ್ಟಿಯಾಗಿತ್ತು, ಅಂಗೈಯಲ್ಲಿ ಉಜ್ಜಿ ಕರಗಿಸಿ ಹಚ್ಚಿದಳು.

"ಅದು ನನ್ನ ತಲೆಗೆ ಬಡಿದಿದ್ರೆ ಏನ್ ಮಾಡ್ತಿದ್ದೆ ಹೇಳು."

ಚಿಕ್ಕಮುನಿಯಮ್ಮ ತರಚಿದ ಅಂಗೈ ನೋಡಿಕೊಂಡಳು. ಹೊರೆ ಬೇರೆ, ಮೈ ಬೇರೆ ಎಂದು ಅತ್ತೆ ಹೇಳಿದ್ದು ಚಪ್ಪಟೆ ರಸ್ತೆಗೆ. ಬಿದ್ದ ಸೊಪ್ಪು ಬಿದ್ದಲ್ಲೇ ಇರುವ ಊರಿಗೆ. ಇಲ್ಲಿ ತಾನು ಬಿಟ್ಟ ಹೊರೆ ಹಿಂದೆ ಬರುವವರ ಮೇಲೆ ಹೋಗಿ ಬೀಳುತ್ತದೆ. ಅದು ಅವಳಿಗೆ ಆ ಕಲ್ಲುರಾಶಿಯ ಮೇಲೆ ಕೂತಿದ್ದಾಗಲೇ ಹೊಳೆದಿತ್ತು, ಒಪ್ಪಿಕೊಳ್ಳಲು ಇಷ್ಟು ಹೊತ್ತು ಹಿಡಿಯಿತು.

"ತಪ್ಪಾಯ್ತು ಕಣಮ್ಮಿ," ಅಂದಳು. "ಇನ್ ತಲೆ ಮ್ಯಾಲೆ ಹೊರಲ್ಲ. ಆದ್ರೆ ಕತ್ತೆಗೂ ಕೊಡಲ್ಲ."

"ಯಾಕಮ್ಮ ಇಷ್ಟು ಹಟ? ಎಲ್ಲರೂ ಕೊಟ್ಟವ್ರೆ. ನಾನೇ ಹೊರ್ತೀನಿ ಬೇಕಾದ್ರೆ."

"ನೋಡು, ನೀನು ಹುಟ್ಟೋಕೆ ಮುಂಚೆ, ನೀನು ಹೊಟ್ಟೇಲಿದ್ದಾಗ್ಲೂ ಹೊತ್ತಿದ್ದೀನಿ. ದಾರೀಲಿ ಯಾರ್ಯಾರೋ ಎತ್ತಿಸಿದ್ರು. ಒಬ್ರೂ ಕೊಡಿಲ್ಲಿ ಅನ್ನಲಿಲ್ಲ. ಅದು ಮರ್ಯಾದೆ. ಈಗ ಕಂಡೋರೆಲ್ಲ ಕೊಡಿ ಕೊಡಿ ಅಂತಾವ್ರೆ. ನೀನೂ ಕತ್ತೆಗೆ ಕಟ್ಟಿಸ್ಬಿಟ್ಟೆ, ಒಂದು ಮಾತು ಕೇಳ್ದೆ." ಅವಳು ರವಿಕೆಯನ್ನು ಭುಜಕ್ಕೆ ಎಳೆದುಕೊಂಡಳು. "ನಂಗೆ ಎತ್ತಿಸೋರು ಸಾಕಮ್ಮಿ. ಹೊರೋರು ಬ್ಯಾಡ."

ರಮ್ಯ ಎಣ್ಣೆಯ ಕೈಯನ್ನು ತನ್ನ ತಲೆಗೂದಲಿಗೆ ಒರೆಸಿಕೊಂಡಳು. ಮೂಲೆಯಲ್ಲಿದ್ದ ನೀಲಿ ಬ್ಯಾಗನ್ನು ಎಳೆದು, ಹಿಂದಕ್ಕೆ ಮಡಚಿ ಕಟ್ಟಿದ್ದ ಸೊಂಟದ ಪಟ್ಟಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಆಮೇಲೆ ಪಟ್ಟಿಯ ತುದಿಗಳನ್ನು ತಾಯಿಯ ಮುಂದೆ ಹಿಡಿದಳು. ಕಟ್ಟಲಿಲ್ಲ, ಹಿಡಿದಳು ಅಷ್ಟೆ.

ಬ್ಯಾಗನ್ನು ಹಾಕಿಕೊಂಡು ಡೇರೆಯ ಹೊರಗೆ ನಿಂತು ಚಿಕ್ಕಮುನಿಯಮ್ಮ ತನ್ನ ಕೈಯಾರೆ ಬಕಲ್ ಒತ್ತಿದಳು. ಟಕ್ ಎಂದಿತು. ಭಾರ ಭುಜದಿಂದ ಇಳಿದು ಸೊಂಟದ ಮೇಲೆ ಕೂತಿತು, ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದ ಜಾಗದಲ್ಲೇ. ಇನ್ನು ಬಿದ್ದರೆ ಎರಡೂ ಒಟ್ಟಿಗೇ. ಹಾಗಾದರೆ ಬೀಳಬಾರದು. ಅವಳು ಡೇರೆಗಳ ಸುತ್ತ, ಕಲ್ಲುಗಳ ಮೇಲೆ, ತಲೆ ತಗ್ಗಿಸಿ, ಒಂದೊಂದು ಹೆಜ್ಜೆಯನ್ನೂ ಕಣ್ಣಾರೆ ನೋಡಿ ಇಡುತ್ತ ನಡೆದಳು. ದೌಲತ್ ಬೀಡಿ ಸೇದುತ್ತ ನೋಡಿದ. ಇನ್ನೊಂದು ಸುತ್ತು ಎಂದು ಬೆರಳಿನಲ್ಲಿ ಸನ್ನೆ ಮಾಡಿದ. ಆ ಸುತ್ತೂ ಮುಗಿದಾಗ ಬೀಡಿ ಎಸೆದು, "ಠೀಕ್," ಅಂದ.

ಮರುದಿನದ ಏರು ಬೇರೆಯೇ ಲೋಕ. ಹಿಮದ ಮೇಲೆ ದೌಲತ್ ಒದ್ದು ಮಾಡಿದ ಗುಂಡಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕಾಲಿಡುತ್ತ ಹೋದರು. ಉಸಿರು ಸಾಲದು. ಯಾರೂ ಮಾತಾಡಲಿಲ್ಲ, ಕಶ್ಯಪ್ ಕೂಡ. ಚಿಕ್ಕಮುನಿಯಮ್ಮ ಬೆಟ್ಟವನ್ನು ನೋಡಲಿಲ್ಲ, ಗುಂಡಿಗಳನ್ನೇ ನೋಡಿದಳು. ಆಯುಷ್ಯವಿಡೀ ನೆಟ್ಟಗಿಟ್ಟ ಕತ್ತು ಅದು. ಗಂಡನ ಎದುರಾಗಲಿ, ಸೊಪ್ಪಿಗೆ ಚೌಕಾಸಿ ಮಾಡುವ ಸಾಹುಕಾರರ ಎದುರಾಗಲಿ ಬಗ್ಗದ್ದು. ಈಗ ಬಗ್ಗಿಸಿ ನಡೆದಾಗ ಅವಮಾನವೆನ್ನಿಸಲಿಲ್ಲ. ತೋಟದಲ್ಲಿ ಸೊಪ್ಪು ಕೀಳುವಾಗಲೂ ಬಗ್ಗುತ್ತಿದ್ದೆವಲ್ಲ, ಕೆಲಸಕ್ಕೆ ಬಗ್ಗಿದರೆ ಅದು ಬಗ್ಗಿದ್ದಲ್ಲ ಅಂದುಕೊಂಡಳು. ಒಂದು ಗುಂಡಿ, ಇನ್ನೊಂದು ಗುಂಡಿ. ಸೊಂಟದಲ್ಲಿ ಹೊರೆ ಅಲ್ಲಾಡದೆ ಕೂತಿತ್ತು.

ಮುಂದೆ ಗುಂಡಿಗಳೇ ಕಾಣದೆ ಹೋದಾಗ ತಲೆಯೆತ್ತಿದಳು. ಹತ್ತುವುದು ಮುಗಿದಿತ್ತು. ಎದುರಿಗೆ ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳು, ಅವುಗಳಾಚೆ ಹಸಿರೇ ಇಲ್ಲದ, ಕಂದು ಬಣ್ಣದ, ಕಣ್ಣಿಗೆ ಮುಗಿಯದಷ್ಟು ಬೆಟ್ಟಗಳು. ಆಚೆ ಸೀಮೆ.

ಪಕ್ಕದಲ್ಲಿ ಸೊಂಟದೆತ್ತರದ ಒಂದು ಬಂಡೆಯಿತ್ತು. ಅವಳು ತಿರುಗಿ ನಿಂತು, ಹಿಂದಕ್ಕೆ ಒರಗಿ, ಬ್ಯಾಗನ್ನು ಅದರ ಮೇಲೆ ಕೂರಿಸಿ, ಬಕಲ್ ಬಿಚ್ಚಿದಳು. ಬಗ್ಗದೆ, ಯಾರನ್ನೂ ಕೇಳದೆ. ಬೆನ್ನ ಬೆವರಿಗೆ ಗಾಳಿ ತಣ್ಣಗೆ ತಾಗಿತು. ಕಳೆದುಹೋದ ಹೊರೆಗಲ್ಲಿನ ನೆನಪಾಗಿ ಬಂಡೆಯನ್ನು ಒಮ್ಮೆ ಅಂಗೈಯಿಂದ ಸವರಿದಳು.

ಕಶ್ಯಪ್ ಹಿಮದಲ್ಲಿ ಕೂತೇ ಚಪ್ಪಾಳೆ ತಟ್ಟಿದ. "ಆಂಟಿ, ನಿಮ್ಮೆದುರು ನನ್ನ ಕತ್ತೆಗೇ ನಾಚಿಕೆ ಆಗ್ತಿದೆ," ಅಂದ. ಅದು ಪಾಪ ಬಲು ಚೆನ್ನಾಗಿ ಹತ್ತಿತು, ಅದಕ್ಕೇನೂ ಅನ್ನಬೇಡಿ ಎಂದು ಅವಳು ನಕ್ಕಳು. ರಮ್ಯ ತಾಯಿಯ ಫೋಟೊ ತೆಗೆದಳು. ಅಪ್ಪನಿಗೆ ಕಳಿಸಲು ಅಲ್ಲಿ ಸಿಗ್ನಲ್ ಇರಲಿಲ್ಲ. ಬ್ಯಾಗೂ ಕಾಣುವ ಹಾಗೆ ತೆಗೆ ಎಂದು ಚಿಕ್ಕಮುನಿಯಮ್ಮ ಇನ್ನೊಮ್ಮೆ ನಿಂತಳು. ಆ ಫೋಟೊದಲ್ಲಿ ಅವಳು ನಗುತ್ತಿಲ್ಲ. ಮಾರ್ಕೆಟ್ಟಿನಲ್ಲಿ ಮಂಕರಿ ಖಾಲಿಯಾದ ಮೇಲೆ ಸೆರಗು ಕೊಡವಿ ಎದ್ದು ನಿಲ್ಲುವಾಗ ಹೆಂಗಸರ ಮುಖದಲ್ಲಿ ಬರುವಂಥದ್ದೇನೋ ಅದರಲ್ಲಿದೆ.

ಫೋಟೊಗಳ ಗಲಾಟೆಯಲ್ಲಿ ಯಾರೋ ಬಂಡೆ ಹತ್ತಲೆಂದು ಬ್ಯಾಗನ್ನು ಕೆಳಗಿಳಿಸಿದ್ದರು. ಹೊರಡಲು ದೌಲತ್ ಸೀಟಿ ಊದಿದಾಗ ಅದು ಹಿಮದಲ್ಲಿ ಅರ್ಧ ಹೂತಿತ್ತು. ಚಿಕ್ಕಮುನಿಯಮ್ಮ ಅದರ ಪಕ್ಕದಲ್ಲಿ ನಿಂತು ಸುತ್ತ ನೋಡಿದಳು.

"ರಮ್ಯ, ಒಸಿ ಎತ್ತಿಸಮ್ಮಿ."

ರಮ್ಯ ಬಂದಳು. ಮಂಡಿಯೂರಿ, ಬ್ಯಾಗಿನ ಬುಡಕ್ಕೆ ಎರಡೂ ಕೈ ಕೊಟ್ಟು ಎತ್ತಿದಳು. ಚಿಕ್ಕಮುನಿಯಮ್ಮ ಒಂದು ತೋಳು ತೂರಿಸಿದಳು, ಇನ್ನೊಂದು ತೋಳು ತೂರಿಸಿದಳು. ಬಕಲ್ ಒತ್ತಿದಳು. ಆದರೂ ಭಾರ ಪೂರ್ತಿ ಬರಲಿಲ್ಲ, ಕೆಳಗೆ ಮಗಳ ಕೈ ಇನ್ನೂ ಆನಿಕೊಂಡೇ ಇತ್ತು. ಚಿಕ್ಕಮುನಿಯಮ್ಮ ಹಾಗೇ ನಿಂತು ಕಾದಳು.

ಮೆಲ್ಲಗೆ ಕೈ ಸರಿಯಿತು. ಹೊರೆ ಅಷ್ಟೂ ಬಂದು ಸೊಂಟದ ಮೇಲೆ ಕೂತಿತು.

ಚಿಕ್ಕಮುನಿಯಮ್ಮ ತಲೆ ತಗ್ಗಿಸಿ, ಮೊದಲ ಗುಂಡಿ ಎಲ್ಲಿದೆ ಎಂದು ನೋಡಿಕೊಂಡು, ಆಚೆ ಸೀಮೆಯ ಕಡೆಗೆ ಕಾಲು ಇಳಿಸಿದಳು.